ಉಪ್ಪು ಮುಟ್ಟಿಸಲು ಹೋದ ದಿನ

ಅಕ್ಕಿ ಸುಳ್ಳು ಹೇಳುವುದಿಲ್ಲ ಎಂದು ನಮ್ಮತ್ತೆ ಹೇಳುತ್ತಿದ್ದರು. ಕಾಮಾಲೆ ಆದವರ ಉಚ್ಚೆಯಲ್ಲಿ ಒಂದು ಹಿಡಿ ಅಕ್ಕಿ ನೆನೆಸಿ ನೆರಳಿನಲ್ಲಿ ಆರಿಸಿದರೆ ಕಾಳು ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ರೋಗಿಗೆ ಎದ್ದು ಬರುವ ಶಕ್ತಿ ಇಲ್ಲದಿದ್ದರೆ ಮನೆಯವರು ಆ ಅಕ್ಕಿಯನ್ನು ಕವರಿನಲ್ಲಿ ಕಟ್ಟಿಕೊಂಡು ನಮ್ಮ ಅಂಗಳಕ್ಕೆ ಬರುತ್ತಾರೆ. ಬಣ್ಣ ನೋಡಿ ನಾನು ಮದ್ದು ಕೊಡುತ್ತೇನೆ. ಓದುವವರು ಮೂಗು ಮುಚ್ಚಿಕೊಳ್ಳಬಹುದು. ಸೊಸೆಯಾಗಿ ಬಂದ ಹೊಸದರಲ್ಲಿ ನಾನೂ ಮುಚ್ಚಿಕೊಂಡಿದ್ದೆ, ಅತ್ತೆ ಬೈದ ಮೇಲೆ ಬಿಟ್ಟೆ.

ನಮ್ಮದು ಬಿಂಡಿಗನವಿಲೆಯ ಹತ್ತಿರದ ಒಂದು ಹಳ್ಳಿ. ಕಾಮಾಲೆ ಮದ್ದು ಈ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಬರುತ್ತದೆ, ಮಗಳಿಗೆ ಹೋಗುವುದಿಲ್ಲ. ಭಾನುವಾರ ಮತ್ತು ಗುರುವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡುವುದು. ಹೊತ್ತು ಹುಟ್ಟುವ ಮೊದಲು ಸೊಪ್ಪು ಕೀಳಬೇಕು, ಕುಡುಗೋಲು ತಾಗಿಸಬಾರದು. ಮಳೆಗಾಲದಲ್ಲಿ ಹೊಲದ ಬದುವಿನಲ್ಲೇ ಸಿಗುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಬದುಗಳು ಬೋಳಾಗುವುದರಿಂದ ಹಿತ್ತಿಲಲ್ಲಿ ನೀರು ಹಾಕಿ ಉಳಿಸಿಕೊಂಡಿರುತ್ತೇನೆ. ನೆಲನೆಲ್ಲಿ ಎಲ್ಲರಿಗೂ ಗೊತ್ತಿರುವುದೇ. ಅದರ ಜೊತೆಗೆ ಇನ್ನೆರಡು ಸೊಪ್ಪು ಸೇರುತ್ತವೆ, ಅವುಗಳ ಹೆಸರನ್ನು ಹೊರಗಿನವರ ಮುಂದೆ ಆಡಬಾರದು ಎಂಬುದು ಕಟ್ಟಳೆ. ಕಲ್ಲಿನಲ್ಲಿ ನುಣ್ಣಗೆ ಅರೆದು, ಬಟ್ಟೆಯಲ್ಲಿ ಹಿಂಡಿ, ಆಡಿನ ಹಾಲಿಗೆ ಕಲೆಸಬೇಕು. ಮನೆಯಲ್ಲಿ ಮಿಕ್ಸಿ ಇದೆ, ಅದನ್ನು ಚಟ್ನಿಗೆ ಇಟ್ಟುಕೊಂಡಿದ್ದೇನೆ.

ಮದ್ದು ಮೂರು ಸಲ. ಅದು ಮುಗಿಯುವವರೆಗೆ ಪಥ್ಯ: ಉಪ್ಪಿಲ್ಲ, ಹುಳಿಯಿಲ್ಲ, ಎಣ್ಣೆಯಿಲ್ಲ, ಮೈಗೆ ಸೂಜಿ ತಾಗಬಾರದು. ಮೂರನೆಯ ಸಲ ಕುಡಿದ ಮೇಲೆ ರೋಗಿಯ ನಾಲಿಗೆಗೆ ನಾನೇ ನನ್ನ ಕೈಯಿಂದ ಒಂದು ಚಿಟಿಕೆ ಉಪ್ಪು ಮುಟ್ಟಿಸುತ್ತೇನೆ. ಅಲ್ಲಿಗೆ ಪಥ್ಯ ಬಿಟ್ಟಿತು. ಅಕ್ಕಿ ಕಳಿಸಿದವರು ಕೂಡ ಉಪ್ಪಿಗೆ ತಾವೇ ಬರಬೇಕು. ನಾನು ರೋಗಿಯ ಹೊಸ್ತಿಲು ತುಳಿಯುವಂತಿಲ್ಲ, ತುಳಿದರೆ ಕೈಗುಣ ಹೋಗುತ್ತದೆ ಎಂದು ನಂಬಿಕೆ. ಇನ್ನೊಂದು ಕಟ್ಟಳೆಯೂ ಇದೆ: ಬಸುರಿಗೆ ಈ ಮದ್ದು ಕೊಡಬಾರದು. ಇದು ಸುತ್ತಲಿನ ಊರುಗಳಿಗೆಲ್ಲ ಗೊತ್ತು.

ಆ ಬೇಸಿಗೆಯಲ್ಲಿ ಕಾಮಾಲೆ ಹೇಗೆ ಹಬ್ಬಿತೆಂದರೆ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆ.ಆರ್.ಪೇಟೆ ಕಡೆಯಿಂದ, ಹೊಸಹೊಳಲಿನಿಂದ, ಪಾಂಡವಪುರದ ಕಾಲುವೆ ಊರುಗಳಿಂದ ಜನ ಮೊದಲ ಬಸ್ಸಿಗೇ ಬಂದಿಳಿಯುತ್ತಿದ್ದರು. ನೀರಿರುವ ಊರಿನವರು ನೀರಿಲ್ಲದ ಊರಿಗೆ ನೀರಿನ ರೋಗಕ್ಕೆ ಮದ್ದು ಕೇಳಿಕೊಂಡು ಬರುತ್ತೀರಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅರೆದು ಅರೆದು ಹೆಗಲು ಬಿದ್ದು ಹೋಗಿತ್ತು. ಬಾಯಿಗೆ ಮಾತ್ರ ಬಿಡುವಿರಲಿಲ್ಲ.

ಒಂದು ಗುರುವಾರ ಕಾಲುವೆ ಊರಿನ ಹೆಂಗಸೊಬ್ಬರು ಬಂದರು. ಅರವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈ, ಹಣೆಯಲ್ಲಿ ಕುಂಕುಮವಿಲ್ಲ. ಕವರು ಬಿಚ್ಚಿ ಅಕ್ಕಿ ತೋರಿಸಿದರು. ಕಾಳು ಚೆನ್ನಾಗಿಯೇ ಹಳದಿಯಾಗಿತ್ತು.

"ಯಾರಿಗವ್ವಾ?" ಎಂದೆ.

"ನನ್ ಮಗನಿಗೆ ಕಣವ್ವಾ. ಕಬ್ಬು ಕಡಿಯಕ್ಕೆ ಓಯ್ತಿದ್ದ. ಈಗ ಎದ್ದು ಕೂರಕ್ಕೂ ಆಯ್ತಾ ಇಲ್ಲ."

ಬಾಟಲಿಗೆ ಮದ್ದು ಹಾಕಿಕೊಟ್ಟು ಪಥ್ಯ ಹೇಳಿದೆ. ಉಪ್ಪು, ಹುಳಿ, ಎಣ್ಣೆ ಎನ್ನುವಾಗ ತಲೆಯಾಡಿಸಿದರು. ಸೂಜಿ ಎಂದಾಗ ಮಾತ್ರ ಕೈ ಮುಗಿದರು. ಹಿಂದೆ ಇನ್ನೂ ಎಷ್ಟೋ ಜನ ನಿಂತಿದ್ದರಿಂದ ನಾನು ಹೆಚ್ಚು ಮಾತಾಡಲಿಲ್ಲ.

ಭಾನುವಾರ ಮತ್ತೆ ಬಂದರು. ಅಕ್ಕಿ ಮೊದಲಿಗಿಂತ ಕಡುವಾಗಿತ್ತು. ಸಾಮಾನ್ಯವಾಗಿ ಎರಡನೆಯ ಸಲಕ್ಕೆ ಬಣ್ಣ ಸ್ವಲ್ಪವಾದರೂ ಇಳಿಯುತ್ತದೆ. "ಗುರುವಾರಕ್ಕೂ ಹಿಂಗೇ ಇದ್ರೆ ಆಸ್ಪತ್ರೆಗೆ ತೋರಿಸ್ಬುಡಿ" ಎಂದೆ. ಅವರು ಹೂಂ ಎಂದು, ಹೊರಡದೆ ಹಾಗೇ ನಿಂತು, ದನಿ ತಗ್ಗಿಸಿ ಕೇಳಿದರು.

"ಹುಳಿ ಹುಳಿ ಅಂತ ಒಂದೇ ಸಮ ಪೀಡಿಸ್ತಾನೆ ಕಣವ್ವಾ. ಮಾವಿನಕಾಯಿ ಒಂದು ಚೂರು ನೆಕ್ಕಿಸ್ಬೌದಾ?"

"ಏನವ್ವಾ, ನಿಮ್ಮ ಮಗ ಏನು ಬಸುರಿಯಾ, ಮಾವಿನಕಾಯಿ ಬಯಕೆ ಪಡಾಕೆ?" ಎಂದೆ ನಾನು.

ಅಂಗಳವೆಲ್ಲ ನಕ್ಕಿತು. ಅವರೂ ನಕ್ಕರು. ಆ ನಗುವನ್ನು ನಾನು ಆಮೇಲೆ ಎಷ್ಟು ಸಲ ನೆನೆಸಿಕೊಂಡೆನೋ ತಿಳಿಯದು. ಹಲ್ಲು ಕಾಣಿಸುವಂತೆ ನಕ್ಕು, ಸೆರಗಿನಿಂದ ಬಾಯಿ ಒರೆಸಿಕೊಂಡು, ಬಾಟಲಿ ಹಿಡಿದು ಹೋದರು.

ಮಂಗಳವಾರ ಬೆಳಿಗ್ಗೆ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಫೋನು ಬಂತು. ಆ ಕಾಲುವೆ ಊರಿನ ಆಶಾ ಕಾರ್ಯಕರ್ತೆ. ಬಸುರಿ ಬಾಣಂತಿಯರ ಮನೆ ಮನೆಗೆ ಹೋಗಿ ನೋಡುವ ಕೆಲಸದವಳು. ನನ್ನ ನಂಬರನ್ನು ಆ ಮನೆಯವರಿಂದಲೇ ಇಸಿದುಕೊಂಡಿದ್ದಳು.

"ಅಕ್ಕಾ, ನಮ್ಮೂರ್ನೋರಿಗೆ ಮದ್ದು ಕೊಟ್ಟಿದ್ದೀರಲ್ಲಾ, ಯಾರಿಗೆ ಅಂತ ಗೊತ್ತಾ ನಿಮ್ಗೆ?"

"ಕಬ್ಬು ಕಡಿಯೋ ಹುಡುಗನಿಗೆ ಅಂದ್ರು."

"ಅವನು ಗಟ್ಟಿಮುಟ್ಟಾಗವ್ನೆ ಕಣಕ್ಕಾ. ಮದ್ದು ಕುಡೀತಿರೋದು ಅವನೆಂಡ್ತಿ. ಏಳು ತಿಂಗ್ಳ ಬಸುರಿ."

ಕೈಯಲ್ಲಿದ್ದ ಹುಣಸೆಹಣ್ಣು ಕೈಯಲ್ಲೇ ಉಳಿಯಿತು. ಅವಳು ಗಡಿಬಿಡಿಯಲ್ಲಿ ಹೇಳುತ್ತಾ ಹೋದಳು. ಕುಡಿಯುವ ನೀರಿನ ಪೈಪು ಒಡೆದು ಚರಂಡಿ ನೀರು ಸೇರಿಕೊಂಡು ಊರಿನಲ್ಲಿ ಮನೆಗೊಬ್ಬರು ಮಲಗಿದ್ದಾರೆ. ಉಳಿದವರು ಹೇಗೋ ಏಳುತ್ತಿದ್ದಾರೆ, ಬಸುರಿಗೆ ಮಾತ್ರ ಈ ರೋಗ ಕೆಟ್ಟದ್ದು ಎಂದು ಅವಳಿಗೆ ಹೇಳಿಕೊಟ್ಟಿದ್ದಾರೆ. ನಿನ್ನೆಯಿಂದ ಹುಡುಗಿಯ ಮಾತು ತೊದಲುತ್ತಿದೆ. ಇವತ್ತು ಕರೆದರೆ ಓಗೊಡುವುದಿಲ್ಲ.

"ಆಸ್ಪತ್ರೆ ಗಾಡಿ ಕರೆಸ್ತೀನಿ ಅಂದ್ರೆ ಅವ್ರತ್ತೆ ಬಾಗ್ಲಿಗೆ ಅಡ್ಡ ನಿಂತವ್ರೆ ಅಕ್ಕಾ. ಮದ್ದಿನವ್ವ ಉಪ್ಪು ಮುಟ್ಟಿಸ್ದೆ ಸೂಜಿ ಚುಚ್ಚಿದ್ರೆ ಎಲ್ಡು ಜೀವಾನೂ ಓಯ್ತವಂತೆ. ನೀವೇ ಒಂದ್ ಮಾತು ಏಳಿ."

ಫೋನು ಆ ಅತ್ತೆಯ ಕೈಗೆ ಹೋಯಿತು. ನನಗೆ ಸಿಟ್ಟು ನೆತ್ತಿಗೇರಿತ್ತು. ಸುಳ್ಳು ಹೇಳಿದಿರಲ್ಲ ಎಂದು ಕೂಗಬೇಕೆಂದಿದ್ದೆ, ಅದಕ್ಕೆ ಹೊತ್ತಿರಲಿಲ್ಲ. "ಪಥ್ಯ ಬುಡಿಸಿದ್ದೀನಿ ಕಣವ್ವಾ, ನಾನೇ ಹೇಳ್ತಿದ್ದೀನಿ, ಈಗಲೇ ಆಸ್ಪತ್ರೆಗೆ ಸಾಗಿಸಿ" ಎಂದೆ.

"ಪೋನಲ್ಲಿ ಉಪ್ಪು ಕೊಡಕ್ಕಾಯ್ತದಾ?" ಎಂದರು. ದನಿಯಲ್ಲಿ ಜಗಳವಿರಲಿಲ್ಲ. "ಕೈಯಲ್ಲೇ ಮುಟ್ಟಿಸ್ಬೇಕು ಅಂತ ನೀನೇ ಏಳಿದ್ದಲ್ವಾ? ನನ್ ಮಗಳಿಗೂ ಇದೇ ಆಗಿತ್ತು ಕಣವ್ವಾ. ಬೇರೆ ಕಡೆ ಮದ್ದು ಕುಡೀತಿದ್ಲು. ಅರ್ಧದಲ್ಲೇ ಆಸ್ಪತ್ರೆಗೆ ಎತ್ತಾಕ್ಕೊಂಡೋಗಿ ಸೂಜಿ ಚುಚ್ಚಿಸಿದ್ರು. ಮನೆಗೆ ತಂದಿದ್ದು ಎಣಾನ. ಇವಳ್ನೂ ಅಂಗೇ ಕಳ್ಕೊಳ್ಲಾ? ಬೇಕಾದ್ರೆ ಆಟೋ ಮಾಡ್ಕೊಂಡು ನಿನ್ ತಾವೇ ಕರ್ಕೊಂಡು ಬತ್ತೀನಿ."

ಆಸ್ಪತ್ರೆಗೆ ಬೆನ್ನು ತಿರುಗಿಸಿಕೊಂಡು ಅಷ್ಟು ದೂರ ಆ ಹುಡುಗಿಯನ್ನು ಕುಲುಕಿಸಿಕೊಂಡು ಬರುವುದೇ? ಬೇಡವೇ ಬೇಡ ಎಂದೆ. ಫೋನು ಇಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಆ ಗಳಿಗೆಯಲ್ಲಿ ಮೊದಲು ನೆನಪಾದದ್ದು ನನ್ನ ಕೈಗುಣ. ಎಷ್ಟು ತಲೆಮಾರಿನಿಂದಲೋ ಬಂದದ್ದು ನನ್ನ ಕಾಲಿನಿಂದ ಹೋದರೆ ಎಂದು ಭಯವಾಯಿತು. ಆ ಹುಡುಗಿ ನೆನಪಾದದ್ದು ಆಮೇಲೆ.

ಅತ್ತೆ ಅಲ್ಲೇ ಕಂಬಕ್ಕೆ ಒರಗಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರಿಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು.

"ಹೋಯ್ತೀಯಾ?" ಎಂದರು.

"ಹೋಗ್ದಿದ್ರೆ ಕಳಿಸಲ್ಲ ಅಂತವ್ರೆ."

"ಹೊಸ್ತಿಲು ತುಳಿದ್ರೆ ಮದ್ದು ಕೈ ಬುಡ್ತದೆ ಕಣಮ್ಮಿ. ನಮ್ಮತ್ತೆ ಸ್ವಂತ ಅಣ್ಣ ಮಲಗಿದ್ರೂ ಹೋಗ್ಲಿಲ್ಲ."

"ಅಣ್ಣ ಉಳಿದ್ರಾ?"

"ಇಲ್ಲ" ಎಂದರು ಅತ್ತೆ. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಉಪ್ಪಿನ ಜಾಡಿಯಿಂದ ಹರಳುಪ್ಪು ತೆಗೆದು ತಂದು ನನ್ನ ಸೆರಗಿನ ತುದಿಗೆ ತಾವೇ ಗಂಟು ಹಾಕಿದರು. ಹೋಗು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಊರಿನಲ್ಲಿದ್ದ ಒಂದೇ ಕಾರು ಯಾರದ್ದೋ ಮದುವೆಗೆ ಹೋಗಿತ್ತು. ಬಸ್ಸು ಹಿಡಿದು ನಾಗಮಂಗಲಕ್ಕೆ ಬಂದೆ. ಅಲ್ಲಿ ಮೈಸೂರು ಬಸ್ಸಿಗೆ ಕಾದೆ. ಬಸ್ಸು ಸಿಕ್ಕಿ, ಪಾಂಡವಪುರ ಇನ್ನೂ ದೂರವಿರುವಾಗಲೇ ಕಬ್ಬಿನ ಟ್ರಾಕ್ಟರೊಂದು ರಸ್ತೆಗೆ ಅಡ್ಡಲಾಗಿ ಮಗುಚಿಕೊಂಡಿತ್ತು. ಜನ ಇಳಿದು ಕಬ್ಬು ಮುರಿದು ತಿನ್ನುತ್ತಾ ನಿಂತರು. ಕಂಡಕ್ಟರಿಗೆ ಕೈ ಮುಗಿದು ಕೇಳಿಕೊಂಡೆ. "ನಾನೇನ್ ಬಸ್ಸು ಎತ್ಕೊಂಡೋಗ್ಲಾ ಅಕ್ಕಾ?" ಎಂದ. ಅವನದ್ದೇನೂ ತಪ್ಪಿಲ್ಲ. ಆಶಾ ಮತ್ತೆ ಮತ್ತೆ ಫೋನು ಮಾಡುತ್ತಿದ್ದಳು. ಗಾಡಿಯನ್ನು ಧೈರ್ಯ ಮಾಡಿ ಕರೆಸಿಬಿಟ್ಟಿದ್ದಾಳಂತೆ, ಅರಳಿಕಟ್ಟೆಯ ಹತ್ತಿರ ನಿಂತಿದೆಯಂತೆ, ಡ್ರೈವರು ಇನ್ನೂ ಎಷ್ಟು ಹೊತ್ತು ಎನ್ನುತ್ತಿದ್ದಾನಂತೆ. ನಾನು ಸೆರಗಿನ ಗಂಟನ್ನು ಹಿಡಿದುಕೊಂಡೇ ಕೂತಿದ್ದೆ. ಬೆವರಿಗೆ ಉಪ್ಪು ಕರಗಿ ಸೆರಗು ಅಂಟಂಟಾಗಿತ್ತು.

ಪಾಂಡವಪುರದಲ್ಲಿ ಇಳಿದು ಆಟೋ ಹಿಡಿದು ಆ ಊರು ಸೇರುವಾಗ ಮಧ್ಯಾಹ್ನ. ಕಾಲುವೆ ತುಂಬ ನೀರು, ಎರಡೂ ಕಡೆ ಹಸಿರು ಗದ್ದೆ. ಮನೆಯ ಮುಂದೆ ಜನ ಸೇರಿದ್ದರು. ಹುಡುಗಿಯ ಗಂಡ ತಲೆಗೆ ಕೈ ಹೊತ್ತು ದನದ ಗೊಂತಿನ ಪಕ್ಕ ಕೂತಿದ್ದ. ನನ್ನನ್ನು ಕಂಡು ಎದ್ದು, "ಅವ್ವಾ, ಮದ್ದಿನವ್ವ ಬಂದವ್ರೆ" ಎಂದು ಒಳಗೆ ಕೂಗಿದ. ಹೆಂಡತಿಯನ್ನು ಎತ್ತಿಕೊಂಡು ಹೋಗುವ ತೋಳು ಅವನಿಗಿತ್ತು. ಆದರೆ ಅಕ್ಕ ಆಸ್ಪತ್ರೆಯಿಂದ ಹೆಣವಾಗಿ ಬಂದದ್ದನ್ನು ಅವನೂ ಕಂಡಿದ್ದ.

ಹೊಸ್ತಿಲಿನ ಹತ್ತಿರ ನನ್ನ ಕಾಲು ತಡೆಯಿತು. ಆಮೇಲೆ ದಾಟಿದೆ.

ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ನಾನು ಎಷ್ಟೋ ಹಳದಿ ಕಣ್ಣು ನೋಡಿದ್ದೇನೆ, ಅಂಥದ್ದನ್ನು ನೋಡಿರಲಿಲ್ಲ. ತುರಿಕೆಗೆ ಕೆರೆದುಕೊಂಡು ಕೈಯೆಲ್ಲ ಗಾಯವಾಗಿತ್ತು. ಹೊಟ್ಟೆ ಎದ್ದು ಕಾಣುತ್ತಿತ್ತು. ಬಾಯಿಂದ ಒಂದು ಬಗೆಯ ಸಿಹಿ ಕಮಟು ವಾಸನೆ. ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕಣ್ಣು ಅರ್ಧ ಬಿಟ್ಟಳು. ನನ್ನನ್ನು ಯಾರೆಂದುಕೊಂಡಳೋ.

"ಅವ್ವಾ, ಉಪ್ಪಿಲ್ದೆ ಉಣ್ಣಕ್ಕಾಗಕಿಲ್ಲ" ಎಂದಳು.

"ಉಪ್ಪು ತಂದಿದ್ದೀನಿ ಕಣವ್ವಾ" ಎಂದೆ. ಗಂಟು ಬಿಚ್ಚಿದರೆ ಹರಳು ಅರ್ಧ ನೀರಾಗಿತ್ತು. ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದೆ. ಅವಳು ಮಗು ಬೆರಳು ಚೀಪುವಂತೆ ನನ್ನ ಬೆರಳನ್ನು ಚೀಪಿದಳು. ನನಗೆ ಅಳು ತಡೆಯಲಾಗಲಿಲ್ಲ.

ಅವಳ ಅತ್ತೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ನನ್ನ ಬೆರಳು ಅವಳ ಬಾಯಿಯಿಂದ ಹೊರಗೆ ಬಂದ ಕೂಡಲೇ, "ಆಯ್ತಾ? ಮುಟ್ಟಿಸ್ದಾ?" ಎಂದು ಕೇಳಿದವರೇ ಸೀರೆ, ಟವೆಲ್ಲು, ತಟ್ಟೆ ಲೋಟ ಎಲ್ಲವನ್ನೂ ಚೀಲಕ್ಕೆ ತುಂಬಲು ಶುರು ಮಾಡಿದರು. ಆ ಹೆಂಗಸು ಬೆಳಗಿನಿಂದ ಆ ಒಂದು ಬೆರಳಿಗೆ ಕಾದಿದ್ದರು. ಗಂಡ ಬಂದು ಎತ್ತಿಕೊಂಡ.

ತಾಲ್ಲೂಕು ಆಸ್ಪತ್ರೆಯವರೆಗೆ ನಾನೂ ಗಾಡಿಯಲ್ಲಿ ಹೋದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಣ್ಣು ನೋಡಿದರು, ಹೊಟ್ಟೆಗೆ ಕಿವಿ ಕೊಟ್ಟರು, ರಕ್ತ ತೆಗೆಸಿದರು, ಗ್ಲೂಕೋಸ್ ಬಾಟಲಿ ಹಾಕಿಸಿದರು. ಕೆಲಸ ನಿಲ್ಲಿಸದೆಯೇ ಕೇಳಿದರು, "ಏನಾದ್ರೂ ನಾಟಿ ಔಷಧಿ ಕೊಟ್ಟಿದ್ದೀರಾ?"

ಹುಡುಗಿಯ ಅತ್ತೆ ನೆಲ ನೋಡಿದರು. "ಕೊಟ್ಟವಳು ನಾನು" ಎಂದೆ.

"ಏನೇನು ಹಾಕಿದ್ರಿ?"

ಮೂರು ಸೊಪ್ಪಿನ ಹೆಸರನ್ನೂ ಹೇಳಿದೆ. ಹೊಸ್ತಿಲು ದಾಟಿದ ಮೇಲೆ ಇದೇನು ಮಹಾ! ಅವರು ಬರೆದುಕೊಂಡರು, ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ. ಸೊಪ್ಪಿನಿಂದ ಆದದ್ದೋ ಎಂದು ಕೇಳಿದೆ. "ಸೊಪ್ಪು ಏನೂ ಮಾಡಿಲ್ಲ ಅಂತ ನಾನು ಹೇಳಕ್ಕಾಗಲ್ಲ ಅಮ್ಮಾ. ಆದ್ರೆ ಬಸುರಿಗೆ ಈ ಕಾಮಾಲೆ ಹೀಗೇ ಏರುತ್ತೆ. ವಾರದ ಹಿಂದೆ ಬಂದಿದ್ರೆ ನಮ್ಮ ಕೈಯಲ್ಲಿ ಒಂದು ವಾರ ಇರ್ತಿತ್ತು. ಉಳಿಸ್ತಿದ್ವಿ ಅಂತ ಆಣೆ ಮಾಡಲ್ಲ" ಎಂದು ಮೈಸೂರಿಗೆ ಕಳಿಸಲು ಚೀಟಿ ಬರೆದರು. ಗಾಡಿಯಲ್ಲಿ ಗಂಡನಿಗೂ ಅತ್ತೆಗೂ ಮಾತ್ರ ಜಾಗವಿತ್ತು. ಅದು ಶ್ರೀರಂಗಪಟ್ಟಣದ ಕಡೆ ತಿರುಗಿ ಮರೆಯಾಗುವವರೆಗೆ ನಿಂತಿದ್ದು, ನಾನು ಬಸ್ ಸ್ಟ್ಯಾಂಡಿಗೆ ನಡೆದೆ.

ಮಗು ಆ ಸಂಜೆಯೇ ಸತ್ತು ಹುಟ್ಟಿತು. ತಾಯಿ ಶನಿವಾರದವರೆಗೆ ಇದ್ದಳು. ಎರಡನ್ನೂ ಆಶಾ ಫೋನಿನಲ್ಲಿ ಹೇಳಿದಳು. ಮರುದಿನ ಭಾನುವಾರ. ಹೊತ್ತು ಹುಟ್ಟುವ ಮೊದಲು ಹಿತ್ತಿಲಿಗೆ ಹೋದೆ, ಕೈ ತಾನಾಗಿ ಸೊಪ್ಪು ಕೀಳುತ್ತಿತ್ತು. ಕಲ್ಲಿನ ಮುಂದೆ ಕೂತ ಮೇಲೆ ಮಾತ್ರ ಅರೆಯಲಾಗದೆ ಕೂತಲ್ಲೇ ಕೂತುಬಿಟ್ಟೆ. ಅತ್ತೆ ಬಂದು ಗುಂಡುಕಲ್ಲು ತೆಗೆದುಕೊಂಡು, ಮಂಜು ಕಣ್ಣಿನಲ್ಲೇ ಅರೆದರು.

ಸುದ್ದಿಗೆ ಕಾಲು ಬಂತು. ಮದ್ದಿನವ್ವ ಮನೆಗೇ ಹೋಗಿ ಅರ್ಧದಲ್ಲಿ ಪಥ್ಯ ಬಿಡಿಸಿದ್ದಕ್ಕೆ ತಾಯಿ ಮಗು ಎರಡೂ ಹೋದವು ಎಂದು ನಾಗಮಂಗಲದ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತವಳೊಬ್ಬಳು ನನಗೇ ಹೇಳಿದಳು. ಜನ ಬರುವುದು ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಿಲ್ಲಲಿಲ್ಲ. ಬಂದವರು ಪಥ್ಯವನ್ನು ಇನ್ನೂ ಬಿಗಿಯಾಗಿ ಹಿಡಿದರು. ಆ ಭಾನುವಾರದಿಂದಲೇ ನಾನು ಸೂಜಿಯ ಮಾತು ಬಿಟ್ಟಿದ್ದೆ. "ಸೂಜಿ ಚುಚ್ಚಿಸ್ಕೊಳಿ, ಡಾಕ್ಟ್ರಿಗೆ ತೋರಿಸಿ, ಆಮೇಲೆ ಬೇಕಾದ್ರೆ ಇಲ್ಲಿಗೆ ಬನ್ನಿ" ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. "ಅವ್ವ ಎದ್ರುಕೊಂಡವ್ರೆ, ನಾವು ಸೂಜಿ ಚುಚ್ಚಿಸಲ್ಲ ಬುಡಿ ಅವ್ವಾ" ಎಂದು ನನಗೇ ಧೈರ್ಯ ಹೇಳಿ ಹೋಗುತ್ತಿದ್ದರು. ನಮ್ಮ ಮನೆಯವರು ತಲೆಮಾರುಗಟ್ಟಲೆ ಹೇಳಿದ್ದನ್ನು ನಾನೊಬ್ಬಳು ವಾಪಸು ತೆಗೆದುಕೊಳ್ಳಲು ಆಗುತ್ತಿರಲಿಲ್ಲ.

ಮುಂಗಾರು ಹಿಡಿಯುವ ಹೊತ್ತಿಗೆ, ಒಂದು ಭಾನುವಾರ, ಆ ಹುಡುಗಿಯ ಅತ್ತೆ ಬಂದರು. ಕೈಯಲ್ಲಿ ಏನೂ ಇರಲಿಲ್ಲ. ಮೈ ಇಳಿದು ಹೋಗಿತ್ತು. ಸರದಿಯಲ್ಲಿ ನಿಲ್ಲದೆ ನೇರವಾಗಿ ಕಲ್ಲಿನ ಹತ್ತಿರ ಬಂದು ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತರು.

"ಒಂದ್ ಮಾತು ಕೇಳಕ್ಕೆ ಬಂದೆ ಕಣವ್ವಾ. ಎಲ್ರೂ ನಿನ್ ಉಪ್ಪೇ ಅಂತವ್ರೆ. ನನ್ ಮಗಾನೂ ಅಂಗೇ ಅಂತಾನೆ. ನೀನ್ ಏಳು. ನಿನ್ ಉಪ್ಪೇ ಅಲ್ವಾ?"

ಅವರ ಕಣ್ಣು ನೋಡಿದರೆ ಹೌದು ಎನ್ನಲಿ ಎಂದು ಬೇಡುತ್ತಿತ್ತು. ಹೌದು ಎಂದರೆ ಅವರು ಎದ್ದು ನನಗೆ ಶಾಪ ಹಾಕಿ, ಹಗುರಾಗಿ ಮನೆಗೆ ಹೋಗುತ್ತಿದ್ದರು. ನನಗೂ ಶಾಪ ಹೊರುವುದು ಕಷ್ಟವೇನಲ್ಲ, ಬೆನ್ನು ಗಟ್ಟಿಯಿದೆ. ಬಾಯಿಗೆ ಬಂದೂ ಬಿಟ್ಟಿತ್ತು. ಆದರೆ ಅವರ ಹಿಂದೆ ಅಂಗಳ ತುಂಬ ಜನ, ಕವರು ಹಿಡಿದವರು, ಬಾಟಲಿ ಹಿಡಿದವರು, ಎಲ್ಲರೂ ಕಿವಿ ನೆಟ್ಟಿದ್ದರು. ನಾನು ಹೌದೆಂದರೆ ಇನ್ನು ಯಾರೂ ಪಥ್ಯದ ನಡುವೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

"ಅಲ್ಲ ಕಣವ್ವಾ" ಎಂದೆ. "ಉಪ್ಪಿಂದ ಸಾಯ್ಲಿಲ್ಲ. ಉಪ್ಪು ತಡವಾಯ್ತು. ಮೊದಲ್ನೇ ದಿನವೇ ಆಸ್ಪತ್ರೆಗೆ ಹೋಗಿದ್ರೆ ಉಳಿಯೋ ದಾರಿ ಇತ್ತು."

"ಅಂಗಾದ್ರೆ ನಾನೇ" ಎಂದರು.

"ಸೂಜಿ ಬೇಡ ಅಂದೋಳು ನಾನು. ಅದನ್ನ ನಿಮ್ಗೆ ಕಲಿಸಿದ್ದು ನನ್ನಂಥೋರೇ. ನೀವೊಬ್ಬರೇ ಅಲ್ಲ."

ಅದು ಸಮಾಧಾನವಾಗಲಿ ಎಂದು ಹೇಳಿದ್ದಲ್ಲ, ಆಗಲೂ ಇಲ್ಲ. ನಾನು ನೀರು ಕೊಟ್ಟೆ, ಮುಟ್ಟಲಿಲ್ಲ. ಎಷ್ಟೋ ಹೊತ್ತು ಕೂತೇ ಇದ್ದರು. ಕೊನೆಗೆ ನಾನು ಕೆಲಸಕ್ಕೆ ತಿರುಗಲೇಬೇಕಾಯಿತು. ಮುಂದಿದ್ದವನು ಹೊಸಹೊಳಲಿನ ಕಡೆಯವನು, ಮೀಸೆ ಆಗತಾನೆ ದಪ್ಪಗಾಗುತ್ತಿದ್ದ ಹುಡುಗ. ಕವರಿನ ಗಂಟು ಬಿಚ್ಚಿ ಅಕ್ಕಿ ನನ್ನ ಮುಂದೆ ಹಿಡಿದ.

ನಾನು ಕೇಳುವ ಮೊದಲೇ ಎದುರು ಕೂತಿದ್ದ ಅವರು ಕೇಳಿದರು. "ಯಾರಿಗಪ್ಪಾ?"

"ನಮ್ಮಣ್ಣನಿಗೆ ಕಣವ್ವಾ."

"ದಿಟ ಏಳು."

"ಅಮ್ಮನಾಣೆ ಕಣವ್ವಾ, ಅಣ್ಣನಿಗೇ."

"ನಾನೂ ಮಗನಿಗೆ ಅಂದಿದ್ದೆ" ಎಂದರು ಆಕೆ. ಅವನ ಕೈಯಿಂದ ಕವರು ಇಸಿದುಕೊಂಡರು. ಅಕ್ಕಿ ನೋಡಲಿಲ್ಲ. ಬಿಚ್ಚಿದ್ದ ಗಂಟನ್ನು ಮತ್ತೆ ಬಿಗಿದು ಅವನ ಕೈಗೆ ವಾಪಸು ಇಟ್ಟರು. "ಅಕ್ಕಿ ಬ್ಯಾಡ ಕಣಪ್ಪಾ. ಓಗಿ ಅವನ್ನೇ ಕರ್ಕೊಂಡ್ ಬಾ. ಮದ್ದಿನವ್ವ ಕಣ್ಣಲ್ಲಿ ನೋಡ್ಲಿ."

ಅವನು ನನ್ನ ಮುಖ ನೋಡಿದ. ನಾನು ಮದ್ದಿನ ಪಾತ್ರೆಗೆ ತಟ್ಟೆ ಮುಚ್ಚಿದೆ.